ಅಕ್ಕನ ಬಾತುಕೋಳಿಗಳು ಕಲಿಸಿದ ಪಾಠ

ಸಹೋದರಿಯರೇ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಕಳೆದ ಸಲ ಉಳಿದ ಮಾತ್ರೆಯನ್ನೇ ಕಪಾಟಿನಿಂದ ತೆಗೆದು ಕೊಡುತ್ತೀರಿ ತಾನೇ? ನಾನೂ ಹಾಗೆಯೇ ಮಾಡುತ್ತಿದ್ದೆ. ಆ ಅಭ್ಯಾಸ ಬಿಡಿಸಿದ್ದು ನನ್ನ ಅಕ್ಕನ ಬಾತುಕೋಳಿಗಳು.

ಅಕ್ಕನನ್ನು ಮದುವೆ ಮಾಡಿ ಕೊಟ್ಟದ್ದು ಕೇರಳದ ಕುಟ್ಟನಾಡಿಗೆ. ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿರುವ ಗದ್ದೆಗಳ ನಾಡು ಅದು. ಕೊಯ್ಲು ಮುಗಿದ ಗದ್ದೆಗಳಿಗೆ ಬಾತುಗಳನ್ನು ಅಟ್ಟಿ, ಉದುರಿದ ಭತ್ತ ಮೇಯಿಸುವುದು ಅಲ್ಲಿನ ಹಳೆಯ ಕಸುಬು. ಅಕ್ಕನ ಬಳಿ ಮುನ್ನೂರು ಬಾತುಗಳಿದ್ದವು. ಮಗಳ ಕಾಲೇಜಿನ ಫೀಸು ಮೊಟ್ಟೆಯ ಹಣದಿಂದಲೇ ನಡೆಯುತ್ತಿತ್ತು.

ನಾನು ಹೋಗಿದ್ದ ವಾರ ಬಾತುಗಳು ಮೇವು ಬಿಟ್ಟು ತೂಕಡಿಸತೊಡಗಿದವು. ಕಣ್ಣು ಅಂಟಿಕೊಂಡಿತ್ತು, ಹಸಿರು ನೀರಿನಂತಹ ಭೇದಿ. ಬೆಳಗಾಗುವುದರೊಳಗೆ ಹತ್ತಾರು ಸತ್ತಿದ್ದವು. ಭಾವ ಅಂಗಡಿಯಿಂದ ಆಂಟಿಬಯೋಟಿಕ್ ಪುಡಿ ತಂದು ನೀರಿಗೆ ಬೆರೆಸಿದರು. ಎರಡು ದಿನ ಸಾವು ಕಡಿಮೆಯಾಯಿತು. ಅಲ್‌ಹಮ್ದುಲಿಲ್ಲಾಹ್ ಎಂದು ಸಮಾಧಾನಪಟ್ಟೆವು. ಮೂರನೆಯ ದಿನ ಮತ್ತೆ ಸಾಲುಸಾಲಾಗಿ ಸತ್ತವು.

ಪಶುವೈದ್ಯರು ಸತ್ತ ಬಾತನ್ನು ಕೊಯ್ದು ನೋಡಿದರು. ಕರುಳಿನಲ್ಲಿ, ಹೃದಯದ ಮೇಲೆ ರಕ್ತದ ಚುಕ್ಕೆಗಳು. ಪ್ರಯೋಗಾಲಯದ ವರದಿಯಲ್ಲಿ ಎರಡು ರೋಗಗಳ ಹೆಸರಿತ್ತು. ಒಂದು ಹರ್ಪಿಸ್ ಗುಂಪಿನ ವೈರಸ್ ತರುವ ಬಾತು ಪ್ಲೇಗ್, ಇನ್ನೊಂದು ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಬಾತು ಕಾಲರಾ.

“ವೈರಸ್ ಮೈಯ ಶಕ್ತಿ ಕುಗ್ಗಿಸುತ್ತದೆ. ಅದೇ ಸಮಯ ನೋಡಿ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ನಿಮ್ಮ ಪುಡಿ ಬ್ಯಾಕ್ಟೀರಿಯಾವನ್ನು ಮಾತ್ರ ತಡೆದಿದೆಯಮ್ಮಾ, ವೈರಸ್ಸಿಗೆ ಅದು ನಾಟುವುದೇ ಇಲ್ಲ” ಎಂದರು. ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದಾಗ ಅಕ್ಕ ತಲೆ ತಗ್ಗಿಸಿದಳು. ಎರಡು ರೋಗಕ್ಕೂ ಲಸಿಕೆಯಿದೆ. ಹಿಂದಿನ ವರ್ಷ ರೋಗ ಬರಲಿಲ್ಲವೆಂದು ಆ ವರ್ಷ ಬಿಟ್ಟಿದ್ದಳು.

ಅಂದೇ ಒಬ್ಬ ವ್ಯಾಪಾರಿ ಬಂದು, “ಉಸಿರಿರುವಾಗಲೇ ಕೊಯ್ದು ಕೊಡಿ, ಅರ್ಧ ಬೆಲೆಗೆ ಒಯ್ಯುತ್ತೇನೆ” ಎಂದ. ಸಾಲ ಕಣ್ಣೆದುರಿಗಿತ್ತು. ಆದರೂ ಅಕ್ಕ, “ನನ್ನ ಮಕ್ಕಳಿಗೆ ಬಡಿಸದ್ದನ್ನು ಬೇರೆಯವರ ತಟ್ಟೆಗೆ ಹೇಗೆ ಹಾಕಲಿ?” ಎಂದಳು. ಸತ್ತವುಗಳನ್ನು ತೋಡಿಗೆ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂತರು. ಉಳಿದದ್ದು ನಲವತ್ತು. ಅವುಗಳ ಮೈಯಲ್ಲೂ ವೈರಸ್ ಅಡಗಿರಬಹುದೆಂದು ಹೊಸ ಮರಿಗಳನ್ನು ಬೇರೆಯೇ ಇಟ್ಟರು, ಸಮಯಕ್ಕೆ ಲಸಿಕೆ ಹಾಕಿಸಿದರು.

2014ರಲ್ಲಿ ಅದೇ ಕುಟ್ಟನಾಡಿಗೆ ಹಕ್ಕಿಜ್ವರ ಬಂದಾಗಲೂ ಬಾತುಗಳು ಗುಂಪುಗುಂಪಾಗಿ ಸತ್ತಿದ್ದವು. ಬರಿಗಣ್ಣಿಗೆ ರೋಗದ ಗುರುತು ಸಿಗುವುದಿಲ್ಲ, ಪರೀಕ್ಷೆಯೇ ಆಗಬೇಕು. ಸಹೋದರಿಯರೇ, ನಮ್ಮನ್ನು ಮೋಸಗೊಳಿಸಿದ್ದು ಆ ಎರಡು ದಿನಗಳ ಅರ್ಧ ಗುಣ. ಊರಿಗೆ ಮರಳಿದವಳೇ ನಾನು ಕಪಾಟಿನ ಹಳೆಯ ಮಾತ್ರೆಗಳನ್ನೆಲ್ಲ ತೆಗೆದುಬಿಟ್ಟೆ. ನೀವೂ ಒಮ್ಮೆ ನಿಮ್ಮ ಕಪಾಟು ತೆರೆದು ನೋಡಿ.