ಗೋವೆಯಲ್ಲಿ ಮೂರು ದಿನ

ನಲವತ್ತು ವರ್ಷ ಗೋವೆ ನಮಗೆ ವಸೂಲಿಯ ಊರಾಗಿತ್ತು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಿರಾಣಿ ಸಗಟು ವ್ಯಾಪಾರ ನಮ್ಮದು. ಮಡಗಾಂವ, ಮಾಪಸಾ, ಫೋಂಡಾದ ಅಂಗಡಿಗಳಿಗೆ ಮಾಲು ಕಳಿಸುವುದು, ತಿಂಗಳಿಗೊಮ್ಮೆ ಹೋಗಿ ಬಾಕಿ ಕೇಳುವುದು, ಕಟ್ಟಿಕೊಂಡು ಹೋದ ರೊಟ್ಟಿ ತಿಂದು ತಿರುಗಿ ಬರುವುದು. ಇಷ್ಟು ಸಲ ಹೋದರೂ ಸಮುದ್ರದಲ್ಲಿ ಕಾಲು ತೋಯಿಸಿದವರಲ್ಲ.

ಹೋದ ವರ್ಷ ದೀಪಾವಳಿಯ ವಹಿ ಪೂಜೆ ಮುಗಿದು, ಚಾತುರ್ಮಾಸವೂ ಮುಗಿದ ಮೇಲೆ ನಮ್ಮ ಮಗ, "ಅಪ್ಪಾಜಿ, ಈ ಸಲ ವಸೂಲಿಗಲ್ಲ, ವಿಶ್ರಾಂತಿಗೆ ಹೋಗೋಣ" ಎಂದ. ದಕ್ಷಿಣ ಗೋವೆಯ ಸಾಲಸೆಟ್ ತಾಲೂಕಿನ ಕಡಲ ದಂಡೆಯಲ್ಲಿ ಒಂದು ದೊಡ್ಡ ರೆಸಾರ್ಟು. ಕೋಣೆ, ಮೂರು ಹೊತ್ತಿನ ಊಟ, ಚಹಾ, ಪಾನೀಯ ಎಲ್ಲ ಸೇರಿ ಒಂದೇ ದರ, ಮುಂಗಡವಾಗಿ ಕೊಟ್ಟಾಗಿತ್ತು. ನಾವು, ನಮ್ಮ ಶ್ರೀಮತಿಯವರು, ಮಗ, ಸೊಸೆ, ಮೊಮ್ಮಕ್ಕಳಿಬ್ಬರು ಹೀಗೆ ಆರು ಜನ ಚೋರ್ಲಾ ಘಾಟಿನಿಂದ ಇಳಿದೆವು.

ರೆಸಾರ್ಟಿನಲ್ಲಿ ಎಲ್ಲರ ಕೈಗೂ ಒಂದೊಂದು ಬಣ್ಣದ ಪಟ್ಟಿ ಕಟ್ಟಿದರು. ಅದನ್ನು ತೋರಿಸಿದರೆ ಯಾವುದಕ್ಕೂ ಬಿಲ್ಲಿಲ್ಲ. ಮಕ್ಕಳಿಗೆ ಸ್ವರ್ಗ ಸಿಕ್ಕಂತಾಯಿತು. ತೆಂಗಿನ ತೋಟ, ಈಜುಕೊಳ, ಎದುರಿಗೇ ಬಿಳಿ ಉಸುಕಿನ ದಂಡೆ. ಅರವತ್ತು ದಾಟಿದ ನಾವೂ ಧೋತರ ಎತ್ತಿ ಕಟ್ಟಿ ತೆರೆಯಲ್ಲಿ ನಿಂತೆವು. ಕಾಲ ಕೆಳಗಿನ ಉಸುಕು ಜಾರಿದಾಗ ಶ್ರೀಮತಿಯವರು ನಮ್ಮ ಕೈ ಗಟ್ಟಿಯಾಗಿ ಹಿಡಿದು ನಕ್ಕರು. ಅಂಥ ನಗೆ ಕೇಳಿ ಬಹಳ ದಿನವಾಗಿತ್ತು.

ತೊಂದರೆ ಬಂದದ್ದು ಸಂಜೆಗೆ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಊಟದ ಬಾಗಿಲು ತೆರೆಯುವುದು ಏಳೂವರೆಗೆ. ನಮ್ಮ ಶ್ರೀಮತಿಯವರಿಗೆ ಇಪ್ಪತ್ತೆರಡು ವರ್ಷದಿಂದ ರಾತ್ರಿ ಭೋಜನ ತ್ಯಾಗದ ನಿಯಮ. ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಕೇಳಲು ಹೋದರೆ ಮೇಜಿನ ಮೇಲಿದ್ದವರು ನಗುತ್ತಲೇ, "ನಿಯಮ ಎಲ್ಲರಿಗೂ ಒಂದೇ" ಎಂದರು. ನಮ್ಮ ನಿಯಮವನ್ನು ಅವರಿಗೆ ಹೇಗೆ ತಿಳಿಸುವುದು? ಆ ದಿನ ಅವರು ಎರಡು ಬಾಳೆಹಣ್ಣಿನ ಮೇಲೆ ಇದ್ದರು.

ರಾತ್ರಿ ನಾವು ಒಳಗೆ ಹೋಗಿ ನೋಡಿದೆವು. ಮಾಂಸ, ಮೀನು ಒಂದು ಬದಿಗೆ, ಮದ್ಯ ಇನ್ನೊಂದು ಬದಿಗೆ. ಶಾಕಾಹಾರದ ಪಾತ್ರೆಗಳಲ್ಲಿ ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ. ಗೋವೆಗೆ ದಿನವೂ ತರಕಾರಿ ಹೋಗುವುದು ನಮ್ಮ ಬೆಳಗಾವಿಯಿಂದಲೇ. ನಮ್ಮೂರಿನ ಗಡ್ಡೆಗಳು ನಮಗಿಂತ ಮೊದಲೇ ಬಂದು ಕುಳಿತಿದ್ದವು! ವ್ಯಾಪಾರಿಯ ಬುದ್ಧಿ ಸುಮ್ಮನಿರದು. ಲೆಕ್ಕ ಹಾಕಿದೆವು. ನಾವು ಕೊಟ್ಟ ದರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಾವು ಮುಟ್ಟದ ಪದಾರ್ಥಗಳದು. ಈ ಮಾತು ಆಡಿದ್ದೇ ಮಗನಿಗೆ ಸಿಟ್ಟು ಬಂತು. "ಅವ್ವಾ, ಮೂರು ದಿನ ಬಿಟ್ಟರೆ ಏನಾಗುತ್ತದೆ? ನಿಮಗಾಗಿಯೇ ಇಷ್ಟು ಖರ್ಚು ಮಾಡಿದೆ" ಎಂದ. ಅವರು ಏನೂ ಅನ್ನಲಿಲ್ಲ, ಮಾಲೆ ಹಿಡಿದು ಕುಳಿತರು. ಅವನ ಆಸೆಯೂ ಸುಳ್ಳಲ್ಲ, ಇವರ ನಿಯಮವೂ ಸಣ್ಣದಲ್ಲ. ನಮಗೆ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ.

ಮರುದಿನ ಮುಂಜಾನೆ ಶ್ರೀಮತಿಯವರು ತಂದಿದ್ದ ಅರಿವೆಯಿಂದ ನೀರು ಸೋಸುತ್ತಿದ್ದರು. ಚಹಾ ತಂದ ಹುಡುಗ ನಿಂತು ನೋಡಿ, "ನೀವು ಜೈನರೇನ್ರಿ ಅವ್ವಾರ?" ಎಂದು ಕನ್ನಡದಲ್ಲಿ ಕೇಳಿದ. ಗದಗ ಕಡೆಯವನು, ಅಲ್ಲಿ ಅಡುಗೆಮನೆಯಲ್ಲಿ ಕೆಲಸ. ಹೊಟ್ಟೆಪಾಡಿಗೆ ಗೋವೆಗೆ ಬಂದ ನಮ್ಮ ಕಡೆಯವರು ಬಹಳ. ವಿಷಯ ಕೇಳಿದವನೇ, "ಐದಕ್ಕ ಬರ್ರಿ. ಬ್ಯಾರೆ ಬುಟ್ಟ್ಯಾಗ ಚಪಾತಿ, ಹೆಸರುಬ್ಯಾಳಿ, ಬೆಂಡಿಕಾಯಿ ಪಲ್ಯೆ ಮಾಡಿಸ್ತೀನಿ. ದೊಡ್ಡ ಅಡಿಗ್ಯಾರಿಗೆ ನಾ ಹೇಳ್ತೀನಿ" ಎಂದ. ಹೇಳಿದಂತೆ ನಡೆಸಿದ. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನಮ್ಮವ್ವನೂ ಸೋಮವಾರ ಒಪ್ಪತ್ತು ಇರ್ತಾಳ್ರಿ" ಎಂದ. ಹೊರಡುವ ದಿನ ದಾರಿಗೂ ಡಬ್ಬಿ ಕಟ್ಟಿಕೊಟ್ಟ.

ತಿರುಗಿ ಬರುವಾಗ ಬೋರಿ ಸೇತುವೆ ದಾಟಿ, ಫೋಂಡಾದ ಹತ್ತಿರ ಬಾಂದಿವಡೆಯಲ್ಲಿ ಇಳಿದೆವು. ಅಲ್ಲಿ ನೇಮಿನಾಥ ಬಸದಿ ಇದೆಯೆಂದು ಕೇಳಿದ್ದೆವು. ಇಷ್ಟು ವರ್ಷ ಫೋಂಡಾಕ್ಕೆ ಹೋದರೂ ಬಾಕಿಯ ವಹಿ ಬಿಟ್ಟು ಬೇರೆ ಕಡೆ ನೋಡಿರಲಿಲ್ಲ. ವಿಜಯನಗರದ ಕಾಲದ ಬಸದಿ ಅದು. ಈಗ ಉಳಿದದ್ದು ಕೆಂಪು ಜಂಬಿಟ್ಟಿಗೆಯ ಗೋಡೆಗಳು ಮಾತ್ರ, ಮೇಲೆ ಛಾವಣಿಯಿಲ್ಲ, ಒಳಗೆ ಮೂರ್ತಿಯಿಲ್ಲ. ಡಿಚೋಲಿ ತಾಲೂಕಿನ ಕುಡಣೆಯಲ್ಲೂ ಇಂಥದೇ ಪಾಳು ಬಸದಿ ಇದೆ. 1510ರಲ್ಲಿ ಪೋರ್ತುಗೀಜರು ಬರುವುದಕ್ಕೆ ಬಹಳ ಹಿಂದೆ ಗೋವೆ ಕದಂಬರ ನಾಡು, ಅವರ ಶಾಸನಗಳಲ್ಲಿ ನಮ್ಮ ಕನ್ನಡ. ಇಂದಿಗೂ ಅಲ್ಲಿಯ ಸರಕಾರಿ ಬಸ್ಸಿಗೆ ಕದಂಬರ ಹೆಸರು. ಶ್ರಾವಕರು ನಡೆದಾಡಿದ ನೆಲದ ಪಕ್ಕದಿಂದ ನಾವು ನಲವತ್ತು ವರ್ಷ ಹಾದುಹೋಗಿದ್ದೆವು.

"ದೇವರೆಲ್ಲಿ ಆಯಿ?" ಎಂದ ಎಂಟು ವರ್ಷದ ಮೊಮ್ಮಗ. ಶ್ರೀಮತಿಯವರು ಅವನನ್ನು ಗೋಡೆಯ ನೆರಳಿನಲ್ಲಿ ಕೂಡಿಸಿಕೊಂಡು ನೇಮಿಕುಮಾರನ ಕಥೆ ಹೇಳಿದರು. ರಾಜಿಮತಿಯೊಡನೆ ಮದುವೆ, ದಿಬ್ಬಣ ಹೊರಟಿದೆ, ದಾರಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಕೂಗು. ಯಾಕೆಂದು ಕೇಳಿದರೆ, ನಿನ್ನ ಮದುವೆಯ ಔತಣಕ್ಕೆ ಎಂದರು. ಕುಮಾರ ಅಲ್ಲಿಂದಲೇ ರಥ ತಿರುಗಿಸಿ ಗಿರಿನಾರ ಹತ್ತಿದ. "ಊಟ ಸಿದ್ಧವಾಗಿದ್ದರೂ ಬಿಟ್ಟು ಹೋದನಾ?" ಎಂದು ಹುಡುಗ ಕೇಳಿದ. "ಹೌದು ಮಗಾ" ಎಂದರು. ನಮ್ಮ ಮಗ ಅಷ್ಟು ದೂರದಲ್ಲಿ ನಿಂತು ಗೋಡೆ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ನಾವು ಕೇಳಲಿಲ್ಲ.

ಚೋರ್ಲಾ ಘಾಟು ಏರುವಾಗ ಬಿಸಿಲು ಕೆಂಪಾಗುತ್ತಿತ್ತು. ಒಂದು ಸಮತಟ್ಟಿನಲ್ಲಿ ಮಗ ತಾನಾಗಿಯೇ ಗಾಡಿ ನಿಲ್ಲಿಸಿದ. ಗಡಿಯಾರ ನೋಡಿ, "ಅವ್ವಾ, ಇನ್ನೂ ಅರ್ಧ ತಾಸು ಹೊತ್ತಿದೆ, ಡಬ್ಬಿ ಬಿಚ್ಚಿರಿ" ಎಂದ. ತಾನೂ ನಮ್ಮೊಂದಿಗೆ ಕುಳಿತು ಉಂಡ. ಮೂರು ದಿನದಲ್ಲಿ ಆರೂ ಜನ ಕೂಡಿ ಸಂಜೆ ಉಂಡದ್ದು ಅದೊಂದೇ ಸಲ. ಮರುದಿನ ಮುಂಜಾನೆ ನಮ್ಮ ಕೋಟೆಯೊಳಗಿನ, 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ ಕಮಲ ಬಸದಿಗೆ ಎಲ್ಲರೂ ಹೋಗಿ ನೇಮಿನಾಥ ಸ್ವಾಮಿಯ ದರ್ಶನ ಮಾಡಿದೆವು. ಮೊಮ್ಮಗ, "ಇಲ್ಲಿದ್ದಾರೆ!" ಎಂದು ಕೂಗಿದ.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಗೋವೆಗೆ ಅವಶ್ಯ ಹೋಗಿರಿ, ಸಮುದ್ರ ಎಲ್ಲರದು. ಆದರೆ ಎಲ್ಲ ಸೇರಿದ ದರಕ್ಕೆ ಮರುಳಾಗದೆ ಕೋಣೆ ಮತ್ತು ಮುಂಜಾನೆಯ ಉಪಾಹಾರಕ್ಕಷ್ಟೇ ದರ ಕೇಳಿರಿ. ಸಂಜೆಯ ಊಟದ ವೇಳೆಯನ್ನು ಹಣ ಕೊಡುವ ಮೊದಲೇ ಮಾತಾಡಿಕೊಳ್ಳಿರಿ. ನೀರು ಸೋಸುವ ಅರಿವೆ, ಖಾಖರಾ, ಅವಲಕ್ಕಿ ಜೊತೆಗಿರಲಿ. ಬರುವಾಗ ಬಾಂದಿವಡೆಯಲ್ಲಿ ಒಂದು ಗಳಿಗೆ ಇಳಿಯಿರಿ. ಅಲ್ಲಿ ನೋಡಲು ಹೆಚ್ಚೇನೂ ಇಲ್ಲ. ಮಕ್ಕಳಿಗೆ ಹೇಳಲು ಬಹಳ ಇದೆ.