ಅಟ್ಟದ ಮೇಲಿನ ಓಲೆಗರಿ

ಮೈಸೂರಿಗೆ ಹೋದವರು ಅರಮನೆ, ಮೃಗಾಲಯ ನೋಡಿ ಬರುತ್ತಾರೆ. ನಾನು ಈ ಸಲ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋದೆ. 1891ರಲ್ಲಿ ಶುರುವಾದ ಈ ಗ್ರಂಥಭಂಡಾರ 1916ರಿಂದ ಮೈಸೂರು ವಿಶ್ವವಿದ್ಯಾನಿಲಯದ ಅಂಗ.

ಹೊಸದೇನಿದ್ದರೂ ಪ್ರಯೋಗಶಾಲೆಯಲ್ಲೇ ಸಿಗಬೇಕು ಎನ್ನುವುದು ವಿಜ್ಞಾನದ ಮೇಷ್ಟ್ರಾದ ನನ್ನ ನಂಬಿಕೆಯಾಗಿತ್ತು. ಇಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಮಾಡಿದ್ದು ಬೇರೆ. ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ್ದ ಓಲೆಗರಿಯ ಕಟ್ಟನ್ನು ಬಿಚ್ಚಿ, ಗ್ರಂಥಲಿಪಿಯನ್ನು ಓದಿ ನೋಡಿದರು. ಅದು ಕೌಟಿಲ್ಯನ ‘ಅರ್ಥಶಾಸ್ತ್ರ’! ವಿದ್ವಾಂಸರು ಹೆಸರಷ್ಟೇ ಕೇಳಿದ್ದ ಕೃತಿ 1909ರಲ್ಲಿ ಅಚ್ಚಾಯಿತು.

ಗರಿಗಳು ಸೆಟೆದು ಮುರಿಯದಂತೆ, ಹುಳು ಹಿಡಿಯದಂತೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಯಾವ ಕಟ್ಟಿನಲ್ಲಿ ಏನಿದೆ ಎಂದು ತಿಳಿಯಲು ಅಚ್ಚಾದ ಸೂಚಿಗಳಿವೆ. ಸಂಶೋಧನೆ ಮಾಡುವವನು ಮೊದಲು ತೆರೆಯಬೇಕಾದದ್ದು ಇವನ್ನೇ.

ಹೊರಬರುವಾಗ ಬಾಲ್ಯದ ನೆನಪೊಂದು ಚುಚ್ಚಿತು. ನಮ್ಮ ಅಟ್ಟದಲ್ಲೂ ಇಂಥದೊಂದು ಕಟ್ಟಿತ್ತು. ಓದಿದವರಿಲ್ಲ. ಬಚ್ಚಲೊಲೆಗೆ ಹಾಕಿದವನು ನಾನೇ.

ನಿಮ್ಮ ಅಟ್ಟವನ್ನೊಮ್ಮೆ ನೋಡಿ.