ಗೋಡೆಯ ಮೇಲಿನ ಗಾಜು

ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಸವೆಂದರೇನೆಂಬುದು ಬೇಗ ತಿಳಿಯುವುದಿಲ್ಲ. ನಮ್ಮ ಹಂದನಕೆರೆಯ ಕಡೆ ಕಾಯಿ ಕೊಬ್ಬರಿಯಾಗಿ ತಿಪಟೂರಿಗೆ ಹೋಗುತ್ತದೆ, ಮಟ್ಟೆ ನಾರಾಗುತ್ತದೆ, ಕರಟ ಒಲೆ ಸೇರುತ್ತದೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಅಳಿದುಳಿದದ್ದು ತಿಪ್ಪೆಯಲ್ಲಿ ಕೊಳೆತು ಮತ್ತೆ ಮರದ ಬುಡಕ್ಕೇ ಬರುತ್ತದೆ. ಈ ಸಂಸಾರಕ್ಕೆ ಹೊಂದದ ನೆಂಟನೆಂದರೆ ಗಾಜು. ಅದು ಕೊಳೆಯದು, ಉರಿಯದು. ಇಡೀ ಬಾಟ್ಲಿಯನ್ನು ಗುಜರಿಯವನು ಒಯ್ದಾನು, ಒಡೆದದ್ದನ್ನು ಮುಟ್ಟಲಾರ. ಅದು ಗೊಬ್ಬರದೊಡನೆ ತೋಟ ಸೇರಿ, ಪಾತಿ ಬಿಡಿಸುವ ಆಳಿನ ಬರಿಗಾಲಿಗಾಗಿ ಕಾದು ಕುಳಿತಿರುತ್ತದೆ.

ಇಂಥ ಗಾಜಿಗೆ ನಾವು ಕಂಡುಕೊಂಡಿರುವ ಉಪಯೋಗ ಒಂದೇ: ಕಾಂಪೌಂಡು ಗೋಡೆಯ ನೆತ್ತಿಯ ಮೇಲೆ ಹಸಿ ಸಿಮೆಂಟು ಬಳಿದು, ಚೂರುಗಳನ್ನು ಮೊನೆ ಮೇಲಾಗಿ ನೆಡುವುದು. ಕಳ್ಳರು ಇದರಿಂದ ಎಷ್ಟು ಹೆದರಿದ್ದಾರೋ ಕಾಣೆ. ಚೆಂಡು ಹುಡುಕುವ ಹುಡುಗರ ಅಂಗೈಯಂತೂ ಕೊಯ್ದಿದೆ.

ಕಳೆದ ವರ್ಷ ನಮ್ಮ ಚಿಕ್ಕಪ್ಪನವರು ಹಿತ್ತಿಲಿಗೆ ಗೋಡೆ ಹಾಕಿಸಿದಾಗ ಮೇಸ್ತ್ರಿ ಬಾಟ್ಲಿ ಚೂರು ಕೇಳಿದ. ನಾನು ಕನ್ನಡದ ಮೇಷ್ಟರಾದರೂ ಸುಮ್ಮನಿರಲಾರದೆ, "ಚಿಕ್ಕಪ್ಪ, ಗಾಜು ಗೋಡೆಯ ಮೇಲಿರಬೇಕಾದ್ದಲ್ಲ, ಒಳಗಿರಬೇಕಾದ್ದು" ಎಂದೆ.

ಮಾತು ವಿಚಿತ್ರವಾಗಿ ಕಂಡರೂ ಅದರಲ್ಲಿ ಶಾಸ್ತ್ರವಿದೆ. ಗಾಜೆಂದರೆ ಮರಳು, ಸೋಡಾ, ಸುಣ್ಣಕಲ್ಲುಗಳನ್ನು ಕೂಡಿಸಿ ಕರಗಿಸಿದ ಪದಾರ್ಥ. ಅದರ ನೂರು ಪಾಲಿನಲ್ಲಿ ಸುಮಾರು 70 ಪಾಲು ಸಿಲಿಕಾ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಹೊರಬರುತ್ತದೆ. ನುಣ್ಣನೆಯ ಸಿಲಿಕಾ ಸಿಕ್ಕಿದರೆ ಆ ಸುಣ್ಣ ಅದರೊಡನೆ ಬೆರೆತು ತಾನೂ ಅಂಟಾಗುತ್ತದೆ. ಇದು ನಮಗೆ ಹೊಸ ವಿದ್ಯೆಯೂ ಅಲ್ಲ. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಇಟ್ಟಿಗೆ ಪುಡಿ ಅಲ್ಲಿ ಮಾಡಿದ ಕೆಲಸವನ್ನೇ ಗಾಜಿನ ಪುಡಿ ಇಲ್ಲಿ ಮಾಡುತ್ತದೆ.

ಆದರೆ ಒಂದು ಕಟ್ಟುನಿಟ್ಟು. ಗಾಜು ನುಣ್ಣಗಿರಬೇಕು. ಜಲ್ಲಿಯಂತೆ ದಪ್ಪನಾಗಿ ಹಾಕಿದರೆ ಸಿಮೆಂಟಿನ ಕ್ಷಾರ ಅದನ್ನು ತಿಂದು ಒಂದು ಬಗೆಯ ಲೋಳೆಯಾಗಿಸುತ್ತದೆ. ಲೋಳೆ ನೀರು ಹೀರಿ ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸಿಲಿಕಾ ತುಂಬಿದ ಕೆಲವು ಕಲ್ಲುಗಳಿಂದ ಹೀಗಾಗುವುದನ್ನು 1940ರಲ್ಲಿ ಕ್ಯಾಲಿಫೋರ್ನಿಯಾದ ಇಂಜಿನಿಯರ್ ಥಾಮಸ್ ಸ್ಟಾಂಟನ್ ತೋರಿಸಿಕೊಟ್ಟರು. ಅದೇ ಗಾಜನ್ನು 75 ಮೈಕ್ರಾನಿಗಿಂತ, ಎಂದರೆ ಹೆಚ್ಚುಕಡಿಮೆ ಕೂದಲೆಳೆಯ ದಪ್ಪಕ್ಕಿಂತ, ಸಣ್ಣಗೆ ಅರೆದರೆ ಅದು ಸೀಳುವುದನ್ನು ಬಿಟ್ಟು ಬೆಸೆಯುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 2021ರಲ್ಲಿ ಮುಗಿದ ಡಾರ್ವಿನ್ ಸೇತುವೆಗಳಲ್ಲಿ ಸಿಮೆಂಟಿನ ನೂರು ಪಾಲಿನಲ್ಲಿ 10 ಪಾಲಿನ ಬದಲಿಗೆ ಗಾಜಿನ ಹಿಟ್ಟು ಸೇರಿದೆ. ಅದು ಸುಮಾರು 70,000 ಬಾಟ್ಲಿಗಳ ಗಾಜು.

ಇಷ್ಟೆಲ್ಲ ಏಕೆಂದರೆ, ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಸಿಮೆಂಟು ಮಾಡಬೇಕು. ಉರುವಲಿನ ಹೊಗೆಯ ಜೊತೆಗೆ ಕಲ್ಲೂ ತನ್ನೊಳಗಿನ ಇಂಗಾಲಾಮ್ಲವನ್ನು ಬಿಡುತ್ತದೆ. ಮನುಷ್ಯ ಗಾಳಿಗೆ ಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ಒಂದೇ ಬಣ್ಣದ ಶುದ್ಧ ಗಾಜು ಮತ್ತೆ ಕುಲುಮೆಗೇ ಹೋಗಲಿ, ಅದೇ ಸರಿ. ಬಣ್ಣ ಬೆರೆತ ಬಾಟ್ಲಿ ಚೂರು, ಕಾರ್ಖಾನೆಯಲ್ಲಿ ಕತ್ತರಿಸಿ ಮಿಕ್ಕ ಹಾಳೆಗಾಜು, ಇವನ್ನು ಹಳ್ಳಕ್ಕೆ ಸುರಿಯುವ ಬದಲು ಸಿಮೆಂಟಿಗೆ ಸೇರಿಸಬಹುದು.

ಚಿಕ್ಕಪ್ಪನವರು ಎಲೆ ಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿ, "ಎಲ್ಲಾ ಸರಿ ಕಣಯ್ಯ, ಅರೆಯೋರು ಯಾರು?" ಎಂದರು.

ವಿಷಯದ ಮರ್ಮವನ್ನೇ ಮುಟ್ಟಿದ ಪ್ರಶ್ನೆ! ಅರೆಯಲು ವಿದ್ಯುತ್ತು ಬೇಕು. ಒರಳಲ್ಲಿ ಕುಟ್ಟಿದರೆ ಆಗುವುದಲ್ಲ, ಆ ಧೂಳು ಶ್ವಾಸಕೋಶಕ್ಕೆ ಶತ್ರು. ಗಾಜು ಬೆರೆತ ಕಾಂಕ್ರೀಟು ಮೊದಮೊದಲು ಗಟ್ಟಿಯಾಗುವುದೂ ನಿಧಾನ. ಆದರೆ ಕಲ್ಲನ್ನೇ ಹಿಟ್ಟು ಮಾಡುವ ಸಿಮೆಂಟು ಕಾರ್ಖಾನೆಯ ವಿದ್ಯೆಗೆ ಗಾಜು ಹೆಚ್ಚಿನದಲ್ಲ. ಅಂಥ ಕಾರ್ಖಾನೆ ಪಕ್ಕದ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರಕ್ಕೆ ಕಳೆದ ಶತಮಾನದಲ್ಲೇ ಬಂತು. ನಾವು ಇನ್ನೂ ಕಲಿಯದಿರುವುದು ಚೂರುಗಳನ್ನು ಒಂದೆಡೆ ಕೂಡಿಡುವುದನ್ನು. ಕೊಬ್ಬರಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿಸುವ ತಾಳ್ಮೆಯುಳ್ಳ ಜನಕ್ಕೆ ಅದೇನು ಕಷ್ಟ?

ಚಿಕ್ಕಪ್ಪನವರು ಹೆಚ್ಚು ಮಾತಾಡಲಿಲ್ಲ. ಮೇಸ್ತ್ರಿಗೆ ಗೋಡೆಯ ತಲೆಯನ್ನು ಬೋಳಾಗಿಯೇ ಬಿಡಲು ಹೇಳಿ, ಚೂರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಬಾಯಿ ಹೊಲಿಸಿದರು. "ಅರೆಯೋರು ಬರೋ ಗಂಟ ಇಲ್ಲೇ ಬಿದ್ದಿರಲಿ. ತೋಟಕ್ಕೆ ಮಾತ್ರ ಹೋಗಬಾರದು."